ಹೆಲ್ಮೆಟ್ ಏಟು

ನನಗೂ ನನ್ನ ಗೆಳೆಯನಿಗೂ ಯಾವುದರಲ್ಲೂ ಹೊಂದುವುದಿಲ್ಲ. ಅವನು ಐದು ನಿಮಿಷದಲ್ಲಿ ಯಾರನ್ನಾದರೂ ಮಾತಿಗೆಳೆಯುತ್ತಾನೆ. ನಾನು ಒಂದು ಮೆಸೇಜನ್ನು ಹತ್ತು ಸಲ ಬರೆದು, ಅಳಿಸಿ, ಕೊನೆಗೆ ಕಳಿಸದೆ ಮಲಗುವವನು. ಇಂಥ ನಾವಿಬ್ಬರೂ ಒಂದು ಭಾನುವಾರ ರಾತ್ರಿ ‘ಸೈಡ್‌ವೇಸ್’ ನೋಡಲು ಕೂತೆವು. ಅಲೆಕ್ಸಾಂಡರ್ ಪೇನ್ ಅವರ 2004ರ ಸಿನಿಮಾ.

ಕಥೆ ಇಷ್ಟೇ. ಜ್ಯಾಕ್‌ನ ಮದುವೆಗೆ ಒಂದು ವಾರ ಬಾಕಿ. ಗೆಳೆಯ ಮೈಲ್ಸ್‌ಗೆ ಡೈವೋರ್ಸ್ ಆಗಿದೆ, ಆದರೆ ಹಳೆ ಹೆಂಡತಿ ತಲೆಯಿಂದ ಇಳಿದಿಲ್ಲ. ಇಬ್ಬರೂ ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳ ಕಡೆ ವೈನ್ ಕುಡಿಯುತ್ತಾ ಸುತ್ತುತ್ತಾರೆ. ಜ್ಯಾಕ್‌ಗೆ ಕೊನೇ ಸಲ ಮಜಾ ಮಾಡಬೇಕು. ಮೈಲ್ಸ್‌ಗೆ ಏನು ಬೇಕು ಅಂತ ಮೈಲ್ಸ್‌ಗೇ ಗೊತ್ತಿಲ್ಲ.

ತಮಾಷೆ ಅಂದ್ರೆ, ನಾವಿಬ್ಬರೂ ಒಂದೇ ಕಡೆ ನಗಲೇ ಇಲ್ಲ. ಅಮ್ಮನ ಹುಟ್ಟುಹಬ್ಬಕ್ಕೆ ಅಂತ ಹೋದ ಮೈಲ್ಸ್ ಅವಳು ಕೂಡಿಟ್ಟ ದುಡ್ಡು ಕದಿಯುತ್ತಾನೆ. ಇವನು ಬಿದ್ದು ಬಿದ್ದು ನಕ್ಕ. ನನಗೆ ಗಂಟಲು ಕಟ್ಟಿತು. ಮೈಲ್ಸ್ ಪಾತ್ರ ಮಾಡಿದ ಪಾಲ್ ಜಿಯಾಮಟ್ಟಿಯ ಆ ಮುಖ! ಅವರನ್ನು ಆಸ್ಕರ್‌ಗೆ ನಾಮಿನೇಟ್ ಕೂಡ ಮಾಡಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಆಮೇಲೆ ಹೆಲ್ಮೆಟ್ ಸೀನ್ ಬಂತು. ದಾರಿಯಲ್ಲಿ ಸಿಕ್ಕ ಸ್ಟೆಫನಿಯ ಜೊತೆ ಸುತ್ತುವ ಜ್ಯಾಕ್, ಅವಳಿಗೆ ಮದುವೆ ವಿಷಯ ಮುಚ್ಚಿಟ್ಟಿರುತ್ತಾನೆ. ಅದು ಗೊತ್ತಾದ ಕೂಡಲೇ ಅವಳು ಹೆಲ್ಮೆಟ್‌ನಲ್ಲೇ ಬಾರಿಸಿ ಮೂಗು ಮುರಿಯುತ್ತಾಳೆ. ನನಗೆ ಹೊಟ್ಟೆ ಹಿಡಿಯುವಷ್ಟು ನಗು. ಪಕ್ಕದಲ್ಲಿ ಸದ್ದೇ ಇಲ್ಲ. ಮೂಗಿಗೆ ಕಾರಣ ಹೇಳಬೇಕಲ್ಲ, ಅದಕ್ಕೆ ಆಕ್ಸಿಡೆಂಟ್ ನಾಟಕ: ಮೈಲ್ಸ್‌ನ ಕಾರನ್ನು ಮರಕ್ಕೆ ಗುದ್ದಿಸಲು ಬಿಡುತ್ತಾರೆ, ಅದು ಮರ ತಪ್ಪಿಸಿಕೊಂಡು ಹಳ್ಳಕ್ಕೆ ಹೋಗುತ್ತದೆ. ಅದಕ್ಕೂ ಇವನು ನಗಲಿಲ್ಲ.

“ಅವಳಿಗೆ ನಾನಿನ್ನೂ ಹೇಳಿಲ್ಲ ಕಣೋ,” ಅಂದ.

ಇವನ ಮದುವೆ ನಿಶ್ಚಯವಾಗಿ ತಿಂಗಳಾಗಿತ್ತು. ಈ ‘ಅವಳು’ ಯಾರು ಅಂತ ನನಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ. ಇಂಥ ಕಡೆ ಸುಮ್ನಿರೋದು ನನಗೆ ಚೆನ್ನಾಗಿ ಬರುತ್ತದೆ.

ಕೊನೆಯಲ್ಲಿ ಮೈಲ್ಸ್ ಹೋಗಿ, ಆ ಸುತ್ತಾಟದಲ್ಲಿ ಹತ್ತಿರವಾದ ಮಾಯಾಳ ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಸಿನಿಮಾ ಮುಗಿಯಿತು. ಇವನು ಫೋನ್ ಹಿಡಿದು ಹೊರಗೆ ಹೋದ. ಅರ್ಧ ಗಂಟೆ ಬಿಟ್ಟು ಬಂದಾಗ ಕಣ್ಣು ಕೆಂಪಾಗಿತ್ತು.

“ಈಗಲೇ ಬಾ ಅಂದಳು. ನನ್ನ ಹೆಲ್ಮೆಟ್ ಎಲ್ಲಿಟ್ಟೆ?”

ತಂದುಕೊಟ್ಟೆ. “ಅಲ್ಲಿ ತಲೆಯಿಂದ ತೆಗೀಬೇಡ,” ಅಂದೆ. ಆ ರಾತ್ರಿ ಇಬ್ಬರೂ ಒಟ್ಟಿಗೆ ನಕ್ಕಿದ್ದು ಅದೊಂದಕ್ಕೇ.