ಹಳೇ ಟರ್ನ್‌ಟೇಬಲ್ ಗುಂಯ್ ಅಂದರೆ ಮೊದಲು ಬಿಚ್ಚಬೇಡಿ

ಬಳ್ಳಾರಿಯ ನಮ್ಮ ರಿಪೇರಿ ಮೇಜಿಗೆ ಹಳೇ ಟರ್ನ್‌ಟೇಬಲ್ ಬಂದಾಗ ದೂರು ಸಾಮಾನ್ಯವಾಗಿ ಒಂದೇ: "ಹಾಡು ಬರ್ತದ, ಜೊತಿಗೆ ಗುಂಯ್ ಅಂತದ." ಆ ಒಂದು ಪದದ ಹಿಂದೆ ಮೂರು ಬೇರೆ ಬೇರೆ ರೋಗಗಳಿರುತ್ತವೆ. ಯಾವುದೆಂದು ಕಿವಿಗೆ ತಿಳಿಯುವ ಮುಂಚೆ ಸ್ಕ್ರೂ ಡ್ರೈವರ್ ಹಿಡಿದರೆ ಮುಳ್ಳು ಹೊತ್ತ ತೋಳಿನೊಳಗಿನ ಕೂದಲೆಳೆಯಂಥ ವೈರು ಹರಿದು, ಇಲ್ಲದ ಕೆಲಸ ಮೈಮೇಲೆ ಬರುತ್ತದೆ.

ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತಾಗ ಕೇಳುವ ಸದ್ದು 100 ಹರ್ಟ್ಸ್‌ನದು. ಸ್ಪೀಕರಿನಲ್ಲಿ ಅದೇ ಸ್ವರ, ಸ್ವಲ್ಪ ಕರಕರ ಸೇರಿ ಬಂದರೆ ಮೊದಲ ಅನುಮಾನ ಆಂಪ್ಲಿಫೈಯರಿನ ಪವರ್ ಸಪ್ಲೈ ಮೇಲೆ. ಬ್ರಿಜ್ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಏರಿಳಿತ 100 ಹರ್ಟ್ಸ್. ಒಣಗಿದ ಫಿಲ್ಟರ್ ಕೆಪಾಸಿಟರ್ ಅದನ್ನು ತಡೆಯಲಾರದು. ಅದಕ್ಕಿಂತ ಒಂದು ಸಪ್ತಕ ಕೆಳಗೆ, ದುಂಡಗೆ, ಒಂದೇ ಸಮನೆ ಬಂದರೆ 50 ಹರ್ಟ್ಸ್: ಅರ್ಥಿಂಗ್, ಶೀಲ್ಡ್, ಇಲ್ಲವೇ ಮೋಟಾರಿನ ಕಾಂತಕ್ಷೇತ್ರ. ಮೂರನೆಯದು ಮುಳ್ಳು ರೆಕಾರ್ಡಿನ ಮೇಲಿದ್ದಾಗ ಮಾತ್ರ ಹುಟ್ಟುವ ಊಳು. ವಾಲ್ಯೂಮ್ ಒಂದು ಮಟ್ಟ ದಾಟಿದೊಡನೆ ತಾನೇ ಬೆಳೆಯುತ್ತಾ ಹೋಗುತ್ತದೆ. ಅದು ಫೀಡ್‌ಬ್ಯಾಕ್. ಅದಕ್ಕೆ ಬೆಸುಗೆ ಕಡ್ಡಿಯ ಕೆಲಸವೇ ಇಲ್ಲ.

ಟೇಪ್, ಸಿಡಿ ಹಾಕಿದಾಗ ಸುಮ್ಮನಿರುವ ಆಂಪ್ಲಿಫೈಯರ್ ಫೋನೋಗೆ, ಅಂದರೆ ಟರ್ನ್‌ಟೇಬಲಿನ ಇನ್‌ಪುಟ್‌ಗೆ, ತಿರುಗಿಸಿದ ಕೂಡಲೇ ಗುಂಯ್ ಅನ್ನುವುದಕ್ಕೆ ಲೆಕ್ಕವಿದೆ. ಮುಳ್ಳು ಕೂರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದೇ 3ರಿಂದ 5 ಮಿಲಿವೋಲ್ಟ್. ಫೋನೋ ಸ್ಟೇಜ್ ಅದನ್ನು ಸುಮಾರು 40 ಡೆಸಿಬೆಲ್, ಅಂದರೆ 100 ಪಟ್ಟು ಹಿಗ್ಗಿಸುತ್ತದೆ. ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಬಾಸ್ ಮತ್ತೆ ಏರಿಸುವ ಆರ್‌ಐಎಎ ತಿದ್ದುಪಡಿಯಿಂದ 50 ಹರ್ಟ್ಸ್‌ನಲ್ಲಿ ಇನ್ನೂ ಸುಮಾರು 17 ಡೆಸಿಬೆಲ್ ಸೇರುತ್ತದೆ. ಒಟ್ಟು ಸುಮಾರು 700 ಪಟ್ಟು. ಗೋಡೆಯೊಳಗಿನ ವೈರಿಂಗ್‌ನ ಸಣ್ಣ ಸೋಂಕೂ ಅಲ್ಲಿ ದೊಡ್ಡದಾಗಿ ಕೇಳುತ್ತದೆ.

ಪರೀಕ್ಷೆಯನ್ನು ಆಂಪ್ಲಿಫೈಯರಿನಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು. ನಡುವಿನ ಪಿನ್ನು ಮತ್ತು ಹೊರಗಿನ ಬಳೆ ಸೇರಿಸಿ ಬೆಸೆದ ಎರಡು ಆರ್‌ಸಿಎ ಪ್ಲಗ್ ಮಾಡಿಟ್ಟುಕೊಳ್ಳಿ. ವಾಲ್ಯೂಮ್ ಸೊನ್ನೆಗಿಳಿಸಿ ಅವನ್ನು ಫೋನೋ ಇನ್‌ಪುಟ್‌ಗೆ ಹಾಕಿ, ನಿಧಾನ ಏರಿಸಿ. ಆಗಲೂ ಗುಂಯ್ ಬಂದರೆ ಟರ್ನ್‌ಟೇಬಲ್ ನಿರಪರಾಧಿ. ಸುಮ್ಮನಾದರೆ ಶಾರ್ಟ್ ಪ್ಲಗ್ ತೆಗೆದು ಟರ್ನ್‌ಟೇಬಲ್ ಜೋಡಿಸಿ, ಆದರೆ ಅದರ ಪವರ್ ಪ್ಲಗ್ ಗೋಡೆಯಿಂದ ಹೊರಗಿರಲಿ. ಆಗ ಬರುವ ಗುಂಯ್ ಕೇಬಲ್, ಗ್ರೌಂಡ್ ವೈರ್, ಕಾರ್ಟ್ರಿಜ್ ದಾರಿಯದು. ಅದು ಒಂದೇ ಕಡೆ ಇದ್ದರೆ ಎಡ ಬಲ ಪ್ಲಗ್ ಅದಲುಬದಲು ಮಾಡಿ: ಸದ್ದೂ ಕಡೆ ಬದಲಿಸಿದರೆ ತಪ್ಪು ಟರ್ನ್‌ಟೇಬಲಿನದು. ಕೊನೆಗೆ ಮೋಟಾರ್ ತಿರುಗಿಸಿ, ಮುಳ್ಳು ತಾಕಿಸದೆ ತೋಳನ್ನು ಅಂಚಿನಿಂದ ನಡುವಿಗೆ ಒಯ್ಯಿರಿ. ಹೋದಂತೆ ಸದ್ದು ಏರಿದರೆ ಮೋಟಾರಿನ ಕಾಂತಕ್ಷೇತ್ರ ಕಾರ್ಟ್ರಿಜ್ ಸುರುಳಿಗೆ ಬೀಳುತ್ತಿದೆ ಎಂದರ್ಥ. ಅದಕ್ಕೆ ಒಳ್ಳೆಯ ಶೀಲ್ಡ್ ಇರುವ ಕಾರ್ಟ್ರಿಜ್ ಹಾಕುವುದೇ ಸುಲಭದ ಹಾದಿ. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ತೋಳಿನ ಬುಡಕ್ಕೆ ಹತ್ತಿರವಿದ್ದರೂ ಇದೇ ಲಕ್ಷಣ. ಎರಡನ್ನೂ ಒಂದೆರಡು ಅಡಿ ದೂರ ಸರಿಸಿ ನೋಡಿ.

ನಮ್ಮ ಅನುಭವದಲ್ಲಿ ದೋಷ ಹೆಚ್ಚಾಗಿ ಅಡಗಿರುವುದು ಹೆಡ್‌ಶೆಲ್ (ತೋಳಿನ ತುದಿಯಲ್ಲಿ ಕಾರ್ಟ್ರಿಜ್ ಹಿಡಿದ ತಲೆ) ಹಿಂದಿನ ನಾಲ್ಕು ಪಿನ್ನುಗಳಲ್ಲಿ. ಭೂತಗನ್ನಡಿ ಹಿಡಿದು ನೋಡಿದರೆ ಹಿತ್ತಾಳೆಯ ಹೊಳಪಿನ ಬದಲು ಬೆಲ್ಲದ ಪಾಕದಂಥ ಕಂದು ಪೊರೆ ಕಾಣುತ್ತದೆ. ತೋಳಿನ ಬಾಯಿಯ ಸ್ಪ್ರಿಂಗ್ ಪಿನ್ನುಗಳಲ್ಲೂ ಅದೇ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿ ಕಡ್ಡಿಯಿಂದ ಒರೆಸಿ. ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಉಪ್ಪುಕಾಗದ ಬೇಡ, ಲೇಪ ಎದ್ದು ಹೋಗುತ್ತದೆ. ಬಣ್ಣದ ಲೆಕ್ಕ ಇದು: ಬಿಳಿ ಎಡ, ನೀಲಿ ಎಡದ ಗ್ರೌಂಡ್, ಕೆಂಪು ಬಲ, ಹಸಿರು ಬಲದ ಗ್ರೌಂಡ್. ಕಾರ್ಟ್ರಿಜ್ ಕಳಚಿಟ್ಟು, ಪ್ರತಿ ವೈರಿನ ತುದಿಯಿಂದ ಆರ್‌ಸಿಎ ಪ್ಲಗ್‌ವರೆಗೆ ಮೀಟರ್ ಹಿಡಿದರೆ ಒಂದೆರಡು ಓಮ್ ಒಳಗೆ ಬರಬೇಕು, ತೋಳನ್ನು ಅಲುಗಿಸಿದರೂ ಅಂಕಿ ಕುಣಿಯಬಾರದು. ತೋಳಿನ ಕೊಳವೆಯಿಂದ ಗ್ರೌಂಡ್ ವೈರಿನ ತುದಿಗೂ ಹಾಗೆಯೇ. ತೋಳನ್ನು ಬೆರಳಿಂದ ಮುಟ್ಟಿದಾಗ ಗುಂಯ್ ಏರಿದರೆ ಅಥವಾ ಇಳಿದರೆ ಆ ಕೊಳವೆಗೆ ಗ್ರೌಂಡ್ ಸಿಗುತ್ತಿಲ್ಲ.

ಗ್ರೌಂಡ್ ವೈರು ಹೋಗಬೇಕಾದದ್ದು ಆಂಪ್ಲಿಫೈಯರಿನ ಗ್ರೌಂಡ್ ಸ್ಕ್ರೂಗೆ, ಅಲ್ಲಿಗೆ ಮಾತ್ರ. ಕಿಟಕಿಯ ಕಬ್ಬಿಣಕ್ಕೆ, ನಲ್ಲಿ ಪೈಪಿಗೆ ಸುತ್ತುವವರಿದ್ದಾರೆ. ಭೂಮಿಗೆ ಎರಡು ದಾರಿಯಾದರೆ ಸುತ್ತು ಏರ್ಪಟ್ಟು ಗುಂಯ್ ಇಮ್ಮಡಿಯಾಗುತ್ತದೆ. ಇನ್ನೂ ಕೆಟ್ಟದ್ದು, ಗುಂಯ್ ನಿಲ್ಲಿಸಲು ಮೂರು ಪಿನ್ ಪ್ಲಗ್‌ನ ದಪ್ಪ ಅರ್ಥ್ ಪಿನ್ ಮುರಿಯುವುದು. ದಯವಿಟ್ಟು ಇದನ್ನು ಮಾಡಬೇಡಿ, ಮಾಡಿದ್ದು ಕಂಡರೆ ಪ್ಲಗ್ ಬದಲಿಸಿಯೇ ಸೆಟ್ ವಾಪಸ್ ಕೊಡಿ. ಒಳಗೆ ಇನ್ಸುಲೇಷನ್ ಸೋತ ದಿನ ಲೋಹದ ತೋಳು ಮುಟ್ಟುವ ಕೈಗೆ 230 ವೋಲ್ಟ್ ಸಿಗುತ್ತದೆ. ಸಿರುಗುಪ್ಪ, ಸಿಂಧನೂರು ಕಡೆಯ ಎರೆ ನೆಲದಲ್ಲಿ ಬೇಸಿಗೆಗೆ ಮಣ್ಣು ಬಿರಿದು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಸುಮ್ಮನಿದ್ದ ಸೆಟ್ಟು ಏಪ್ರಿಲ್‌ನಲ್ಲಿ ಗುಂಯ್ ಅಂದರೆ ಸಾಕೆಟ್‌ನ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಯಿರಿ. 2–3 ವೋಲ್ಟ್ ಇದ್ದರೆ ಸರಿ. ಹತ್ತು ದಾಟಿದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಗುಂಡಿಗೆ ನೀರು, ಇದ್ದಿಲು, ಉಪ್ಪು ಕಾಣಿಸಬೇಕು.

ಎರಡೇ ಪಿನ್ನಿನ ಟರ್ನ್‌ಟೇಬಲ್ ಆದರೆ ಪ್ಲಗ್ ತಿರುಗಿಸಿ ಹಾಕಿ, ಸದ್ದು ಕಡಿಮೆ ಇರುವ ಬದಿಗೆ ಗುರುತು ಮಾಡಿ. ಈಗಿನ ಸಣ್ಣ ಫೋನೋ ಪ್ರೀಆಂಪ್‌ಗಳ ಅಡಾಪ್ಟರ್ ಬಗ್ಗೆಯೂ ಎಚ್ಚರ: ಎರಡು ಪಿನ್ನಿನ ಎಸ್‌ಎಂಪಿಎಸ್ (ಸ್ವಿಚಿಂಗ್) ಅಡಾಪ್ಟರಿನ ಒಳಗಿನ ಕೆಪಾಸಿಟರಿನಿಂದ ಡಬ್ಬಿಯ ಮೇಲೆ ಮೀಟರಿನಲ್ಲಿ 100 ವೋಲ್ಟ್ ಆಸುಪಾಸು ತೇಲುವುದುಂಟು, ಮುಟ್ಟಿದರೆ ಜುಮ್ ಅನ್ನುತ್ತದೆ, ಸ್ಪೀಕರಿನಲ್ಲಿ ಜೀರುಂಡೆ ಸದ್ದು. ಅದೇ ವೋಲ್ಟೇಜಿನ, ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರ್ ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಪ್ರೀಆಂಪ್ ಡಿಸಿ ಬೇಡುತ್ತದೋ ಎಸಿಯೋ ನೋಡಿ ಹಾಕಿ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುವಾಗ ಎಸಿ ಮೋಟಾರ್ ಗೊರಗುಟ್ಟುವುದು ಸಹಜ. ಆ ಹೊತ್ತಿನಲ್ಲಿ ಯಾವ ಪರೀಕ್ಷೆಯನ್ನೂ ಮಾಡಬೇಡಿ.

ಮೋಟಾರ್ ಸ್ವಿಚ್ಚಿನ ಮೇಲಿನ ಹಳೇ ಕಾಗದದ ಕೆಪಾಸಿಟರ್ ಸೋರುತ್ತಿದ್ದರೆ ತೆಗೆದು 0.01 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿ, ಎಕ್ಸ್2 (ಮೇನ್ಸ್ ಕರೆಂಟಿಗೆಂದೇ ಮಾಡಿದ ಸುರಕ್ಷಿತ ವರ್ಗ) ಎಂದು ಬರೆದದ್ದನ್ನೇ ಹಾಕಿ. 400 ವೋಲ್ಟ್ ಡಿಸಿ ಬರೆದದ್ದು ಕೈಗೆ ಸಿಕ್ಕಿತೆಂದು ಹಾಕಬಾರದು.

ಇನ್ನು ಫೀಡ್‌ಬ್ಯಾಕ್. ಸ್ಪೀಕರಿನ ಕಂಪನ ನೆಲದಿಂದ, ಕಪಾಟಿನಿಂದ, ಗಾಳಿಯಿಂದ ಮುಳ್ಳಿಗೆ ತಲುಪಿ, ಅಲ್ಲಿಂದ ಆಂಪ್ಲಿಫೈಯರಿಗೆ ಹೋಗಿ ಮತ್ತೆ ಸ್ಪೀಕರಿಗೆ ಬರುವ ಸುತ್ತು ಇದು. ಮೋಟಾರ್ ಆಫ್ ಮಾಡಿ, ನಿಂತ ರೆಕಾರ್ಡಿನ ಮೇಲೆ ಮುಳ್ಳು ಇಟ್ಟು ವಾಲ್ಯೂಮ್ ಮೆಲ್ಲಗೆ ಏರಿಸಿ. ಊಳು ಶುರುವಾದ ಜಾಗದಲ್ಲಿ ನಾಬ್ ಪಕ್ಕ ಪೆನ್ಸಿಲ್ ಗೆರೆ ಹಾಕಿ, ತಕ್ಷಣ ಇಳಿಸಿ. ಆಮೇಲೆ ಒಂದೊಂದೇ ಬದಲಾವಣೆ ಮಾಡಿ ಗೆರೆ ಎಷ್ಟು ಮುಂದೆ ಸರಿಯಿತು ನೋಡಿ. ಒಮ್ಮೆಗೇ ನಾಲ್ಕು ಬದಲಿಸಿದರೆ ಗುಣವಾದದ್ದು ಯಾವುದರಿಂದ ಅಂತ ಗೊತ್ತಾಗದು.

ಮೊದಲು ಡೆಕ್ಕಿನ ಸಾಗಣೆ ಸ್ಕ್ರೂಗಳನ್ನು ನೋಡಿ. ಗ್ಯಾರಾರ್ಡ್, ಬಿಎಸ್‌ಆರ್ ಥರದ ಡೆಕ್ಕುಗಳು ಸ್ಪ್ರಿಂಗ್ ಮೇಲೆ ತೇಲಬೇಕು; ಆ ಸ್ಕ್ರೂ ಬಿಗಿದೇ ಇದ್ದರೆ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ಸ್ಪೀಕರ್ ಮತ್ತು ಟರ್ನ್‌ಟೇಬಲ್ ಒಂದೇ ಕಪಾಟಿನಲ್ಲಿದ್ದರೆ ಬೇರೆ ಮಾಡಿ. ಪ್ಲಾಸ್ಟಿಕ್ ಮುಚ್ಚಳ ತೆಗೆದಿಡಿ, ಅದು ಹಲಗೆ ವಾದ್ಯದ ಚರ್ಮದಂತೆ ಬಾಸ್ ಹಿಡಿದು ಕೆಳಗೆ ದಾಟಿಸುತ್ತದೆ. ಕೋಣೆಯ ಮೂಲೆಯಲ್ಲಿ ಬಾಸ್ ಗುಡ್ಡೆಯಾಗುತ್ತದೆ, ಅಲ್ಲಿಂದ ಸರಿಸಿ. ರಾಯಚೂರು, ಕೊಪ್ಪಳದ ಹಳೇ ಮನೆಗಳ ನೆಲದ ಮೇಲಿನ ಪರಸಿ ಗಟ್ಟಿ, ಅಲ್ಲಿ ತೊಂದರೆ ಕಮ್ಮಿ. ಮೇಲ್ಮಹಡಿ ಮತ್ತು ಕಬ್ಬಿಣದ ರ‍್ಯಾಕ್‌ನಲ್ಲಿ ಜಾಸ್ತಿ.

ಇದಕ್ಕೆ ಅಗ್ಗದ ಮದ್ದೂ ಪರಸಿಯೇ. ಒಂದೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದಿಂಚು ದಪ್ಪದ ಶಹಾಬಾದ್ ಕಲ್ಲು ಸುಮಾರು 11 ಕೆಜಿ ತೂಗುತ್ತದೆ. ಅದನ್ನು ನೇರ ಮೇಜಿನ ಮೇಲಿಟ್ಟರೆ ಹೆಚ್ಚು ಉಪಯೋಗವಿಲ್ಲ, ಕೆಳಗೆ ಮೆತ್ತಗಿನದು ಬೇಕು. ಸ್ಕೂಟರ್ ಟ್ಯೂಬಿಗೆ ಅರೆಬರೆ ಗಾಳಿ ತುಂಬಿ, ಕಲ್ಲು ತೇಲುವಷ್ಟು ಮಾತ್ರ, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಟರ್ನ್‌ಟೇಬಲ್. ಗಾಳಿ ಹೆಚ್ಚಾಗಿ ಟ್ಯೂಬ್ ಬಿಗಿದರೆ ಕಂಪನ ಮತ್ತೆ ದಾಟುತ್ತದೆ. ರಸಮಟ್ಟ ಇಟ್ಟು ಸಮ ಮಾಡಿ, ಮುಳ್ಳಿನ ತೂಕ ಮತ್ತೊಮ್ಮೆ ಅಳೆದು, ನಿಂತ ರೆಕಾರ್ಡಿನ ಪರೀಕ್ಷೆ ಮತ್ತೆ ಮಾಡಿ. ಮನೆಯವರು ಅತಿ ಜೋರಾಗಿ ಕೇಳುವ ವಾಲ್ಯೂಮಿಗಿಂತ ಪೆನ್ಸಿಲ್ ಗೆರೆ ಚೆನ್ನಾಗಿ ಮುಂದೆ ಬಿದ್ದಿದ್ದರೆ ಸೆಟ್ ಕಳಿಸಬಹುದು.