ಹಾಡು ಬರೆದವನ ಹೆಸರು ಯಾವಾಗ ಬರೆದಿಡಬೇಕು?

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಮುಧೋಳ, ಜಮಖಂಡಿ, ಮಹಾಲಿಂಗಪುರ, ಬೀಳಗಿ ಕಡೆಯಿಂದ ಜಾನಪದ ಹಾಡು ಮಾಡುವ ಹುಡುಗರು ಬರುತ್ತಾರೆ. ಟ್ರ್ಯಾಕ್ಟರ್ ಹಾಡು, ಪ್ರೀತಿ ಹಾಡು, ಜಾತ್ರೆ ಹಾಡು, ಎಲ್ಲ ಮಾಡುತ್ತೇವೆ. ಮೈಕು, ಮಿಕ್ಸಿಂಗ್ ಎಲ್ಲ ನಮ್ಮ ಗುರುಗಳ ಹತ್ತಿರ ಕಲಿತೆ. ಹಾಡು ಬರೆದವನ ಹೆಸರು ಮೊದಲೇ ಬರೆದಿಡಬೇಕು ಅನ್ನೋದನ್ನ ಮಾತ್ರ ಕಲಿಸಿದ್ದು ಹಳೇ ಹಾಲಿವುಡ್ ಸಿನಿಮಾ ಗೀಳು.

ಹಾಡು ಕಟ್ಟುವವರ ಜೀವನದ ಮೇಲೆ 1940ರ ಆಸುಪಾಸಿನಲ್ಲಿ ಅಲ್ಲಿ ಸಾಲುಸಾಲು ಸಿನಿಮಾ ಬಂದವು. ಗರ್ಶ್ವಿನ್ ಮೇಲೆ 1945ರಲ್ಲಿ ‘ರಾಪ್ಸಡಿ ಇನ್ ಬ್ಲೂ’, ಕೋಲ್ ಪೋರ್ಟರ್ ಮೇಲೆ 1946ರಲ್ಲಿ ‘ನೈಟ್ ಅಂಡ್ ಡೇ’. ರಾತ್ರಿ ಕೆಲಸ ಮುಗಿದ ಮೇಲೆ ಇಂಥವನ್ನು ನೋಡುತ್ತೇನೆ. ಹಾಡುಗಳು ಚೆಂದ, ಆರ್ಕೆಸ್ಟ್ರಾ ಕೇಳಲೇಬೇಕು. ಆದರೆ ನಾಯಕ ಪಿಯಾನೋ ಮುಂದೆ ಕೂತು ಎರಡು ಸಲ ಬೆರಳಾಡಿಸಿದರೆ ಹಾಡು ತಯಾರು! ದಿನಾ ಇದೇ ಕೆಲಸ ಮಾಡುವವರಿಗೆ ಗೊತ್ತು, ಹಾಡು ಹಾಗೆ ಹುಟ್ಟಲ್ಲ. ವ್ಯಾಪಾರದ ಮಾತಂತೂ ಈ ಸಿನಿಮಾಗಳಲ್ಲಿ ಬೇಗ ಮುಗಿದುಹೋಗುತ್ತದೆ.

ನನ್ನನ್ನು ಹಿಡಿದು ಕೂರಿಸಿದ್ದು 1939ರ ‘ಸ್ವಾನಿ ರಿವರ್’. ಅಮೆರಿಕದಲ್ಲಿ ಹಾಡು ಕಟ್ಟುತ್ತಿದ್ದ ಸ್ಟೀಫನ್ ಫಾಸ್ಟರ್ ಅನ್ನೋನ ಕಥೆ. ಅದರಲ್ಲಿ ಬರುವ ಮಿನ್‌ಸ್ಟ್ರೆಲ್ ಆಟ, ಅಂದರೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವುದು, ಇವತ್ತು ನೋಡಿದರೆ ಸಂಕಟವಾಗುತ್ತದೆ. ಅದನ್ನು ಮರೆಮಾಚಿ ಈ ಸಿನಿಮಾ ಹೊಗಳೋಕೆ ನನಗೆ ಮನಸ್ಸಿಲ್ಲ. ಆದರೆ ಅದನ್ನು ನೋಡಿದ ಮೇಲೆ ನಿಜವಾದ ಫಾಸ್ಟರ್ ಬಗ್ಗೆ ಹುಡುಕಿ ಓದಿದೆ.

ಸ್ವಾನಿ ಹೊಳೆಯ ಮೇಲಿನ ‘ಓಲ್ಡ್ ಫೋಕ್ಸ್ ಅಟ್ ಹೋಮ್’ ಅನ್ನೋ ಹೆಸರಾಂತ ಹಾಡನ್ನು ಅವನು ಬರೆದಿದ್ದು 1851ರಲ್ಲಿ. ಹಾಡಿನಲ್ಲಿ ಹೊಳೆಯ ಹೆಸರು ಮೊದಲು ‘ಪೀಡೀ’ ಅಂತ ಇತ್ತು. ಸರಿ ಕೂರಲಿಲ್ಲ. ನಕಾಶೆ ಪುಸ್ತಕದಲ್ಲಿ ಫ್ಲೋರಿಡಾದ ‘ಸುವಾನಿ’ ಸಿಕ್ಕಿತು. ಅದನ್ನೂ ತಾಳಕ್ಕೆ ಹೊಂದುವಂತೆ ಕತ್ತರಿಸಿ ‘ಸ್ವಾನಿ’ ಮಾಡಿದ. ಈ ತಿದ್ದುಪಡಿ ಇರುವ ಅವನ ನೋಟ್‌ಬುಕ್ ಇವತ್ತಿಗೂ ಉಳಿದಿದೆ. ಆದರೆ ಅಚ್ಚಾದ ಹಾಡಿನ ಮೇಲೆ ಬಂದಿದ್ದು ಆಟದ ಕಂಪನಿಯ ಮಾಲೀಕ ಕ್ರಿಸ್ಟಿಯ ಹೆಸರು. ದುಡ್ಡು ತಗೊಂಡು ಫಾಸ್ಟರೇ ಅದಕ್ಕೆ ಒಪ್ಪಿದ್ದ. ಮರುವರ್ಷ ಹಾಡು ಊರೂರಲ್ಲಿ ಓಡತೊಡಗಿದಾಗ ‘ನನ್ನ ಹೆಸರು ವಾಪಸ್ ಹಾಕಿ’ ಅಂತ ಕ್ರಿಸ್ಟಿಗೆ ಪತ್ರ ಬರೆದ. ಕೆಲಸ ಆಗಲಿಲ್ಲ. 1864ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಅವನಿಗೆ 37 ವರ್ಷ, ಪರ್ಸಿನಲ್ಲಿ ಇದ್ದಿದ್ದು 38 ಸೆಂಟ್.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಹುಡುಗರೂ ಹೆಸರು ಬಿಟ್ಟುಕೊಡೋದು ಹೀಗೇ, ಹಾಡು ಹೊಸದಿದ್ದಾಗ. ಆಗ ಅದು ಯಾರಿಗೂ ಬೇಡದ ಹಾಡು. ಬೆಲೆ ಗೊತ್ತಾಗುವಷ್ಟರಲ್ಲಿ ಅದು ಬೇರೆಯವರ ಯೂಟ್ಯೂಬ್ ಚಾನೆಲ್‌ನಲ್ಲಿ ಓಡುತ್ತಿರುತ್ತದೆ.

ಒಂದು ದಿನದ ರೆಕಾರ್ಡಿಂಗ್ ಹೇಳುತ್ತೇನೆ. ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಹಾಡು ಬರೆದುಕೊಂಡು ಬಂದಿದ್ದ. ‘ಘಟಪ್ರಭಾ ದಂಡಿಮ್ಯಾಲ ಭೇಟಿ ಆಗೂಣು’ ಅಂತ ಒಂದು ಸಾಲು. ಗಾಯಕ ಹಾಡಿ ನೋಡಿದ. ಬೀಟ್ ಜೋರು, ಸಾಲು ಉದ್ದ, ಉಸಿರು ಸಿಗುತ್ತಿಲ್ಲ. ‘ಅಣ್ಣಾ, ಹೊಳಿ ದಂಡ್ಯಾಗ ಕಾಯ್ತೀನಿ ಅಂದ್ರ ಹೆಂಗ?’ ಅಂದ. ಚೆನ್ನಾಗಿ ಕೂತಿತು. ಆಮೇಲೆ ಕೀಬೋರ್ಡ್‌ನವನು ಪಲ್ಲವಿಯ ಎರಡನೇ ಅರ್ಧದ ಧಾಟಿ ಸ್ವಲ್ಪ ಮೇಲೆತ್ತಿದ. ಅದೂ ಚೆನ್ನಾಯಿತು. ಸಂಜೆ ಹೊತ್ತಿಗೆ ಮೂವರಿಗೂ ‘ಈ ಹಾಡು ನಂದು’ ಅನ್ನೋ ಭಾವನೆ ಬಂದಿತ್ತು. ಮೂವರ ಮಾತಲ್ಲೂ ಒಂದಿಷ್ಟು ನಿಜ ಇತ್ತು.

ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಇದೆ. ಟ್ರ್ಯಾಕ್ ಹಚ್ಚುವ ಮೊದಲು ಬರೆದವನನ್ನೇ ಮೈಕ್ ಮುಂದೆ ನಿಲ್ಲಿಸಿ ಪೂರ್ತಿ ಹಾಡು ಹೇಳಿಸುತ್ತೇನೆ. ದನಿ ಹೇಗೇ ಇರಲಿ. ತನ್ನ ಹೆಸರು, ಊರು, ತಾರೀಖು ಅವನೇ ಹೇಳಬೇಕು. ಆ ಫೈಲ್ ಬೇರೆ ಇಡುತ್ತೇನೆ. ಆಮೇಲೆ ರಿಜಿಸ್ಟರ್. ಸಾಹಿತ್ಯ ಯಾರದು, ಧಾಟಿ ಯಾರದು, ಯಾವ ಸಾಲು ಯಾರು ಬದಲಾಯಿಸಿದರು, ಎಲ್ಲ ಅವತ್ತೇ ಬರೆದು ಸಹಿ ಹಾಕಿಸಿ, ಫೋಟೋ ಎಲ್ಲರ ವಾಟ್ಸಾಪ್‌ಗೆ ಕಳಿಸುತ್ತೇನೆ. ನಾಳೆ ಮಾಡೋಣ ಅಂದರೆ ಆಗಲ್ಲ. ನಾಳೆ ಅವರ ನೆನಪು ಬೇರೆ ಇರುತ್ತದೆ.

ಶುರುವಿನಲ್ಲಿ ಒಬ್ಬ ಚಾನೆಲ್‌ನವರು ಸಿಟ್ಟಾದರು. ‘ರೊಕ್ಕಾ ಕೊಟ್ಟ ಮ್ಯಾಲ ಮುಗೀತಲ್ರೀ, ಮತ್ತ ಇದೆಲ್ಲಾ ಯಾಕ?’ ಅಂದರು. ಮುಗಿಯಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡೋದು ಬಾಯಿಮಾತಲ್ಲಿ ನಡೆಯಲ್ಲ, ಸಹಿ ಇರುವ ಕಾಗದ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. 2012ರ ತಿದ್ದುಪಡಿ ಇನ್ನೂ ಮುಖ್ಯ. ಹಕ್ಕು ಕೊಟ್ಟ ಮೇಲೂ ಸಾಹಿತಿ ಮತ್ತು ಸಂಗೀತ ಮಾಡಿದವರಿಗೆ ರಾಯಲ್ಟಿಯಲ್ಲಿ, ಅಂದರೆ ಹಾಡು ಬಳಸಿದಾಗ ಬರುವ ದುಡ್ಡಿನಲ್ಲಿ, ಸಮಪಾಲು ಇದ್ದೇ ಇರುತ್ತದೆ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟರೆ ಬೇರೆ ಯಾರಿಗೂ ಅದನ್ನು ಬರೆದುಕೊಡೋಕೆ ಬರಲ್ಲ. ಈ ರಾಯಲ್ಟಿ ವಸೂಲಿಗೆ ಅಂತಲೇ ಇರುವ ಒಂದು ಕಾಪಿರೈಟ್ ಸೊಸೈಟಿ, 1969ರಿಂದ ಐಪಿಆರ್‌ಎಸ್ ಇದೆ. ನಮ್ಮ ಕಡೆ ಹಾಡು ಬರೆಯುವ ಎಷ್ಟೋ ಹುಡುಗರು ಅದರ ಹೆಸರನ್ನೇ ಕೇಳಿಲ್ಲ. ಅದು ನನಗೆ ನಿಜಕ್ಕೂ ಬೇಜಾರು.

ಹೆಸರಿನ ವಿಷಯದಲ್ಲಿ ನಮ್ಮ ಹಿರಿಯರು ಜಾಣರು. ಗೀಗೀ ಪದ, ಡೊಳ್ಳಿನ ಪದ, ಮೊಹರಂ ರಿವಾಯತ್ ಕೇಳಿ ನೋಡಿ. ಕೊನೇ ನುಡಿಯಲ್ಲಿ ಊರು, ದೇವರು, ಕವಿ ಹೆಸರು ಸೇರಿಸಿರುತ್ತಾರೆ. ಹಾಡು ಯಾರ ಬಾಯಿಗೆ ಹೋದರೂ ಹೆಸರು ಜೊತೆಗೇ ಹೋಗುತ್ತದೆ. ಈಗಿನ ಹಾಡುಗಳಲ್ಲಿ ಶುರುವಿಗೇ ಚಾನೆಲ್ ಹೆಸರು ಗಟ್ಟಿಯಾಗಿ ಕೇಳುತ್ತದೆ, ಬರೆದವನು ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿ. ಅದನ್ನು ಅಳಿಸೋಕೆ ಒಂದು ನಿಮಿಷ ಸಾಕು. ಹಾಗಾಗಿ ಕೊನೇ ನುಡಿಯಲ್ಲಿ ನಿಮ್ಮೂರು, ನಿಮ್ಮ ಹೆಸರು ಸೇರಿಸಿ ಅಂತ ಬರೆಯುವವರಿಗೆ ಜೋರು ಮಾಡಿಯೇ ಹೇಳುತ್ತೇನೆ. ಎಷ್ಟೋ ಜನ ಸೇರಿಸುತ್ತಿದ್ದಾರೆ.

ಅವತ್ತು ಸಿಟ್ಟಾಗಿದ್ದ ಚಾನೆಲ್‌ನವರು ಈಗಲೂ ನಮ್ಮಲ್ಲಿಗೇ ಬರುತ್ತಾರೆ. ಬೇರೆ ಯಾರೋ ಅವರ ಹಾಡಿನ ಮೇಲೆ ಯೂಟ್ಯೂಬ್‌ನಲ್ಲಿ ‘ಇದು ನಮ್ಮದು’ ಅಂತ ಕ್ಲೇಮ್ ಹಾಕಿದಾಗ ಆ ರಿಜಿಸ್ಟರ್ ಹಾಳೆಯೇ ಅವರ ನೆರವಿಗೆ ಬಂತು. ಈಗ ರೆಕಾರ್ಡಿಂಗ್ ಮುಗಿದ ತಕ್ಷಣ ಅವರೇ ಕೇಳುತ್ತಾರೆ: ‘ಅಣ್ಣಾರ, ಸಹಿ ಆತೇನ್ರೀ?’