ಬೇಲಿಗೆ ಮಷೀನ್ ಹಾಕುವ ಮೊದಲು ಹತ್ತು ನಿಮಿಷ

ಮಡಿಕೇರಿಯ ಒಂದು ಪಾರ್ಕಿನಲ್ಲಿ ಗಿಡ ನೋಡಿಕೊಳ್ಳುವ ಕೆಲಸ ನನ್ನದು. ಏಪ್ರಿಲ್ ಬಂತೆಂದರೆ ಟೂರಿಸ್ಟ್ ಸೀಸನ್, ಬೇಲಿ ಗಿಡವೆಲ್ಲ ನೀಟಾಗಿ ಕಾಣಬೇಕು. ಸೇರಿದ ಮೊದಲ ವರ್ಷ ಕಟಿಂಗ್ ಮಷೀನ್ ಹಿಡಿದು ದಾಸವಾಳದ ಬೇಲಿ ಸವರುತ್ತಾ ಹೋದೆ. ಸೊಂಟದೆತ್ತರದಲ್ಲಿ ಬಟ್ಟಲಿನಂಥ ಪುಟ್ಟ ಗೂಡು, ಒಳಗೆ ಮೂರು ಮೊಟ್ಟೆ. ಮೊಟ್ಟೆಗೆ ಏನೂ ಆಗಿರಲಿಲ್ಲ. ಆದರೆ ಮೇಲಿನ ಎಲೆಯೆಲ್ಲ ಹೋಗಿ ಗೂಡು ಬಯಲಾಗಿತ್ತು. ಕತ್ತರಿಸಿದ ಕೊಂಬೆಗಳನ್ನೇ ಹೊದಿಸಿ ಬಂದೆ. ಊಟ ಮುಗಿಸಿ ವಾಪಸ್ ಬರುವಷ್ಟರಲ್ಲಿ ಕಾಗೆಯ ಊಟವೂ ಮುಗಿದಿತ್ತು.

"ಆಗಿನಿಂದ ಹಕ್ಕಿ ನಿನ್ನ ತಲೆ ಮೇಲೆ ಬಡ್ಕೊಳ್ತಾ ಇತ್ತಲ್ಲ, ಕೇಳಿಸ್ಲಿಲ್ವಾ?" ಅಂದರು ಕಳೆ ಕೀಳುತ್ತಿದ್ದ ಅಕ್ಕ. ಮಷೀನ್ ಸದ್ದಿನಲ್ಲಿ ಎಂತ ಕೇಳುವುದು!

ಅದು ಕೆಮ್ಮೀಸೆ ಪಿಕಳಾರ. ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಮಚ್ಚೆ, ಬಾಲದ ಬುಡದಲ್ಲೂ ಕೆಂಪು. ಕೊಡಗಿನಲ್ಲಿ ಮನೆಯಂಗಳಕ್ಕೇ ಬರುವ ಹಕ್ಕಿ, ಅದಕ್ಕೇ ಯಾರೂ ಜಾಸ್ತಿ ಗಮನ ಕೊಡುವುದಿಲ್ಲ. ನಮ್ಮ ಕಡೆ ಇದು ಗೂಡು ಕಟ್ಟುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇ ಒಳಗೆ. ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಅಂದರೆ ಹೂಮಳೆ ಬೀಳುವುದು, ನಾವು ಬೇಲಿ ಕತ್ತರಿಸುವುದು, ಇದು ಮರಿ ಮಾಡುವುದು ಎಲ್ಲ ಒಟ್ಟಿಗೇ.

ಈಗ ಮಷೀನ್ ಶುರು ಮಾಡುವ ಮೊದಲು ಹತ್ತು ನಿಮಿಷ ದೂರ ನಿಂತು ನೋಡುತ್ತೇನೆ. ಬೇಲಿಯೊಳಗೆ ಕೈ ಹಾಕಬೇಕಿಲ್ಲ, ಹಕ್ಕಿಯ ಕೊಕ್ಕು ನೋಡಿದರೆ ಸಾಕು. ಒಣ ಹುಲ್ಲು, ನಾರು ಕಚ್ಚಿದ್ದರೆ ಗೂಡು ಕಟ್ಟುತ್ತಿದೆ. ಹುಳ ಹಿಡಿದೂ ನುಂಗದೆ ಕೂತಿದ್ದರೆ ಮರಿ ಇದೆ. ಸೀದಾ ಗೂಡಿಗೆ ಮಾತ್ರ ಹೋಗುವುದಿಲ್ಲ, ಭಾರಿ ಚಾಲಾಕು. ಮೊದಲು ತಂತಿ, ಆಮೇಲೆ ಪಕ್ಕದ ಗಿಡ, ಅತ್ತಿತ್ತ ನೋಡಿ ಸಟಕ್ಕನೆ ಒಳಗೆ. ನಾವು ಹತ್ತಿರ ಇದ್ದರೆ ಹುಳ ಕಚ್ಚಿಕೊಂಡೇ ಕಾಯುತ್ತದೆ. ಕಾವಿಗೆ ಕೂತ ಹಕ್ಕಿಯನ್ನು ಪತ್ತೆ ಮಾಡುವುದು ಕಷ್ಟ. ಆಗ ಹತ್ತು ನಿಮಿಷ ಸಾಲದು.

"ಹಕ್ಕಿ ನೋಡ್ಕೊಂಡು ಕೂತ್ರೆ ಕೆಲಸ ಯಾರು ಮಾಡ್ತಾರೆ?" ಅಂದರು ಸೂಪರ್‌ವೈಸರ್. ಲೆಕ್ಕ ಹೇಳಿದೆ. ಕಾವು ಸುಮಾರು 12 ದಿನ, ಮರಿ ಗೂಡು ಬಿಡಲು ಮತ್ತೆ ಅಷ್ಟೇ ದಿನ. "ಒಂದು ತಿಂಗಳೂ ಇಲ್ಲ ಸರ್, ಎರಡು ಮಾರು ಬೇಲಿ ಬಿಟ್ಟರಾಯ್ತು." ಗೊಣಗಿಕೊಂಡೇ ಒಪ್ಪಿದರು.

ಒಂದು ಸಲ ಗುರುತಿಗೆಂದು ಕೆಂಪು ಟೇಪ್ ಕಟ್ಟಿದೆ. ಅದೂ ದಡ್ಡತನವೇ. ಬಂದವರೆಲ್ಲ ಮೊಬೈಲ್ ಹಿಡಿದು ಅಲ್ಲೇ ಇಣುಕಿದರು. ತಾಯಿಹಕ್ಕಿ ತಂತಿ ಬಿಟ್ಟು ಇಳಿಯಲೇ ಇಲ್ಲ. ಅವತ್ತೇ ಟೇಪ್ ಬಿಚ್ಚಿದೆ. ಈಗ "ಇಲ್ಲಿ ಮಾತ್ರ ಯಾಕೆ ಕಟ್ ಮಾಡಿಲ್ಲ?" ಅಂತ ಯಾರಾದರೂ ಕೇಳಿದರೆ, ಮಷೀನ್ ಕೆಟ್ಟಿದೆ ಅನ್ನುತ್ತೇನೆ.